ಎರಡು ಟೇಬಲ್‌ಗಳಲ್ಲಿ ಒಂದೇ ಫೋನ್ ಸಂಖ್ಯೆ
ಗ್ರಾಹಕರ ಫೋನ್ ಸಂಖ್ಯೆಯನ್ನು ಗ್ರಾಹಕರ ಟೇಬಲ್‌ನಲ್ಲೂ ಆರ್ಡರ್‌ಗಳ ಟೇಬಲ್‌ನಲ್ಲೂ ಇಟ್ಟುಕೊಂಡು, ಎರಡನ್ನೂ ಸದಾ ಒಂದೇ ಆಗಿರುವಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಈ ವಾರವೂ ನನ್ನ ಮುಂದಿದೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನ ಫಾರ್ಮ್‌ನಲ್ಲಿ, ಅಂದರೆ ಮಾಹಿತಿ ತುಂಬುವ ಪರದೆಯಲ್ಲಿ, ಕೋಡ್ ಬರೆದು, ಒಂದು ಕಡೆ ತಿದ್ದಿದ್ದನ್ನು ಇನ್ನೊಂದು ಕಡೆಗೂ ದಾಟಿಸಬಹುದು ನಿಜ. ಆದರೆ ಯಾರಾದರೂ ನೇರವಾಗಿ ಟೇಬಲ್ ತೆರೆದು ತಿದ್ದಿದರೆ ಅಥವಾ ಅಪ್‌ಡೇಟ್ ಕ್ವೆರಿ (ದಾಖಲೆಗಳನ್ನು ಒಟ್ಟಿಗೆ ತಿದ್ದುವ ಆದೇಶ) ನಡೆಸಿದರೆ ಆ ಕೋಡ್ ಕೆಲಸ ಮಾಡುವುದೇ ಇಲ್ಲ. 2010ರ ಆವೃತ್ತಿಯಲ್ಲಿ ಬಂದ ಡೇಟಾ ಮ್ಯಾಕ್ರೋಗಳು (ದಾಖಲೆ ಬದಲಾದಾಗ ತಾವಾಗಿಯೇ ನಡೆಯುವ ಆದೇಶಗಳು) ಟೇಬಲ್‌ಗೇ ಸೇರಿರುವುದರಿಂದ, ಬದಲಾವಣೆ ಫಾರ್ಮ್‌ನಿಂದ ಬಂದರೂ ಕ್ವೆರಿಯಿಂದ ಬಂದರೂ ಚಾಲನೆಗೊಳ್ಳುತ್ತವೆ. ಆದರೂ ಅದನ್ನು ನಾನು ಮೊದಲ ಪರಿಹಾರವೆಂದು ಒಪ್ಪಲಾರೆ. ಸಂಖ್ಯೆಯನ್ನು ಗ್ರಾಹಕರ ಟೇಬಲ್‌ನಲ್ಲಿ ಮಾತ್ರ ಇಟ್ಟು, ಆರ್ಡರ್‌ನಲ್ಲಿ ಗ್ರಾಹಕರ ಐಡಿಯನ್ನಷ್ಟೇ ಉಳಿಸಿ, ಬೇಕಾದಾಗ ಕ್ವೆರಿಯಲ್ಲಿ ಎರಡೂ ಟೇಬಲ್‌ಗಳನ್ನು ಜೋಡಿಸಿಕೊಂಡರೆ ಹೊಂದಿಸುವ ಕೆಲಸವೇ ಹುಟ್ಟುವುದಿಲ್ಲ. ಮಾರಾಟದ ದಿನದ ಬೆಲೆಯ ವಿಷಯ ಬೇರೆ: ಮುಂದೆ ದರಪಟ್ಟಿ ಬದಲಾದರೂ ಹಳೆಯ ಬಿಲ್ ಬದಲಾಗಬಾರದಾದ್ದರಿಂದ, ಅದನ್ನು ಆರ್ಡರ್‌ನಲ್ಲಿ ನಕಲಿಸಿಯೇ ಇಡಬೇಕು. ನನ್ನನ್ನು ಹೆಚ್ಚು ಕಾಡುವುದು ಈಗಾಗಲೇ ಬೇರೆಬೇರೆಯಾಗಿರುವ ಸಂಖ್ಯೆಗಳು. ಹೊಂದದ ದಾಖಲೆಗಳನ್ನು ಕ್ವೆರಿ ಹುಡುಕಿ ಕೊಡುತ್ತದೆ. ಅವುಗಳಲ್ಲಿ ಯಾವುದು ಸರಿ ಎಂಬುದನ್ನು ಮಾತ್ರ ಆ ಗ್ರಾಹಕರನ್ನೇ ಕೇಳಿ ತಿಳಿಯಬೇಕು, ಹಾಗೆ ಕೇಳುವವರೆಗೆ ಆರ್ಡರ್ ಟೇಬಲ್‌ನ ಆ ಕಾಲಂ ಅಳಿಸುವುದು ಸರಿಯಲ್ಲ.