ಒಟಿಟಿ ದೂರು: ಡಿಸಿ ಆಫೀಸಿಗಲ್ಲ, ಮೊದಲು ಕಂಪನಿಗೆ

ನೆಟ್‌ಫ್ಲಿಕ್ಸ್‌ನಲ್ಲೋ ಪ್ರೈಮ್‌ನಲ್ಲೋ ಬಂದ ಸೀರೀಸ್ ಸರಿಯಿಲ್ಲ ಅನ್ನಿಸಿದರೆ ಮಡಿಕೇರಿಯ ಡಿಸಿ ಆಫೀಸಿಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಕೆಲಸವಾಗದು. ಒಟಿಟಿಗೆ ಮೊದಲೇ ಸೆನ್ಸಾರ್ ಬೋರ್ಡಿನ ಸರ್ಟಿಫಿಕೇಟ್ ಬೇಕಿಲ್ಲ. ಅನ್ವಯಿಸುವುದು 2021ರ ಫೆಬ್ರವರಿ 25ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಮೂರನೇ ಭಾಗ. ಕಂಪನಿ ಅಮೆರಿಕದ್ದೇ ಇರಲಿ, ಇಲ್ಲಿ ವ್ಯವಹಾರ ನಡೆಸುತ್ತಿದ್ದರೆ ತಪ್ಪಿದ್ದಲ್ಲ.

ಯು, ಯು/ಎ 7+, 13+, 16+, ಎ ಎಂಬ ವಯಸ್ಸಿನ ದರ್ಜೆಗಳನ್ನು ಕಂಪನಿಯೇ ಕೊಟ್ಟುಕೊಳ್ಳುತ್ತದೆ. 13+ರಿಂದ ಮೇಲಿನದಕ್ಕೆ ಲಾಕ್ ಸೌಲಭ್ಯ ಇರಲೇಬೇಕು, ಆದರೆ ಪಿನ್ ಹಾಕುವುದು ನಮ್ಮ ಕೆಲಸ. ಹೋಂಸ್ಟೇ ಹಾಲಿನ ಟಿವಿಯಲ್ಲಿ ಒಂದೇ ಪ್ರೊಫೈಲ್, ಪಿನ್ ಇಲ್ಲ ಅಂದರೆ ಮಕ್ಕಳ ಕೈಗೆ ರಿಮೋಟ್ ಸಿಕ್ಕಿದಾಗ ಯಾವ ನಿಯಮವೂ ಕಾಯುವುದಿಲ್ಲ.

ದೂರು ಹೋಗಬೇಕಾದ್ದು ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ, ಅಂದರೆ ದೂರು ನೋಡುವ ಅಧಿಕಾರಿಗೆ. 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಬರಬೇಕು. ಒಪ್ಪಿಗೆಯಾಗದಿದ್ದರೆ ಇನ್ನು 15 ದಿನದಲ್ಲಿ ಕಂಪನಿ ಸೇರಿರುವ ಸ್ವಯಂ ನಿಯಂತ್ರಣ ಮಂಡಳಿಗೆ, ಅಲ್ಲಿಂದ ಮತ್ತೆ 15 ದಿನದಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯದ ಮಟ್ಟಕ್ಕೆ ಮೇಲ್ಮನವಿ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು, ಟವರ್ ಎರಡೂ ಹೋಗಿ ವಾರ ಕಳೆಯಬಹುದು, ಗಡುವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಸುದ್ದಿತಾಣದವರ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ 2021ರ ಆಗಸ್ಟ್‌ನಲ್ಲೇ ನೀತಿ ಸಂಹಿತೆ ಪಾಲಿಸಬೇಕೆನ್ನುವ 9(1), ಈ ಮೂರು ಮೆಟ್ಟಿಲಿನ ದೂರು ವ್ಯವಸ್ಥೆಯ 9(3)ನೇ ನಿಯಮಗಳಿಗೆ ತಡೆ ಕೊಟ್ಟಿತ್ತು. ಹಾಗಾಗಿ ಮೇಲಿನ ಮೆಟ್ಟಿಲುಗಳ ಮೇಲೆ ಪೂರಾ ಭಾರ ಹಾಕದೆ ಮೊದಲ ಪತ್ರವನ್ನೇ ಗಟ್ಟಿಯಾಗಿ ಬರೆಯುವುದು ಜಾಣತನ.

‘ಭಾವನೆಗೆ ಧಕ್ಕೆಯಾಗಿದೆ’ ಎಂದಷ್ಟೇ ಬರೆದ ಪತ್ರಕ್ಕೆ ಸಿದ್ಧ ಉತ್ತರವೇ ಸಿಗುತ್ತದೆ. ಸೀರೀಸ್ ಹೆಸರು, ಸೀಸನ್, ಎಪಿಸೋಡ್, ನಿಮಿಷ-ಸೆಕೆಂಡ್, ತೆರೆಯ ಮೇಲಿದ್ದ ದರ್ಜೆ ಬರೆಯಿರಿ. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಬಹುತೇಕ ಕಪ್ಪಾಗಿ ಬರುತ್ತದೆ, ನಕಲು ತಡೆಯುವ ಏರ್ಪಾಡು ಅದು. ಅದಕ್ಕೇ ಸಮಯ ಬರೆಯಬೇಕಾದ್ದು. ನೋಡಿದ್ದು ಕನ್ನಡ ಡಬ್ಬಿಂಗೋ ಮೂಲ ಭಾಷೆಯದೋ ಅದೂ ಇರಲಿ, ಎರಡರ ಮಾತು ಒಂದೇ ಆಗಿರಬೇಕೆಂದಿಲ್ಲ.

ಯುರೋಪ್ ಒಕ್ಕೂಟ ಒಟಿಟಿ ಕ್ಯಾಟಲಾಗಿನಲ್ಲಿ ಶೇ 30 ಯುರೋಪಿನದ್ದೇ ಇರಬೇಕು ಅನ್ನುತ್ತದೆ; ಸ್ವಿಟ್ಜರ್ಲೆಂಡಿನ ಜನ 2022ರಲ್ಲಿ, ಈ ಕಂಪನಿಗಳು ಅಲ್ಲಿ ಗಳಿಸಿದ್ದರಲ್ಲಿ ಶೇ 4 ಸ್ಥಳೀಯ ಸಿನಿಮಾಕ್ಕೆ ಹಾಕಬೇಕು ಎಂದು ಮತ ಹಾಕಿದರು. ನಮ್ಮ ನಿಯಮದಲ್ಲಿ ಅಂಥ ಪಾಲು ಕನ್ನಡಕ್ಕೂ ಇಲ್ಲ, ಕೊಡವ ತಕ್ಕ್‌ಗೂ ಇಲ್ಲ. ನನ್ನ ಮಟ್ಟಿಗೆ ದೊಡ್ಡ ಕೊರತೆ ಇದೇ.

ಚಂದಾ ರದ್ದು ಮಾಡಿದ ಮೇಲೂ ದುಡ್ಡು ಕಟ್ಟಾಯಿತೇ? ಈ ದಾರಿಯಲ್ಲಿ ಅದರ ವಿಚಾರಣೆ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಗೆಹರಿಯದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.