ಡೈರಿ ಮುಂದಿನ ಕಟ್ಟೆ

ಊರಿಗೊಂದು ಒಳ್ಳೆ ಜಾಗ ಮಾಡೋಣ ಅಂದರೆ ಎಲ್ಲರ ಕೈ ಅರಳಿಕಟ್ಟೆ ಕಡೆಗೇ ಹೋಗುತ್ತದೆ. ಪಂಚಾಯ್ತಿಗೆ ಸ್ವಲ್ಪ ದುಡ್ಡು ಬಂದರೆ ಕಟ್ಟೆಗೆ ಟೈಲ್ಸ್, ಸುತ್ತ ಇಂಟರ್‌ಲಾಕ್, ಒಂದೆರಡು ಸಿಮೆಂಟ್ ಬೆಂಚು. ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲೂ ಇದೇ ಮಾತು ನಡೆದಿತ್ತು. ನಾನು ಮೈಸೂರಿನಲ್ಲಿ ಕಟ್ಟಡಗಳ ನಕ್ಷೆ ಮಾಡುವವಳು. 'ಒಂದು ಡ್ರಾಯಿಂಗ್ ಮಾಡ್ಕೊಡಮ್ಮ' ಅಂತ ಮೆಂಬರ್ ಕೇಳಿದರು. ಮೊದಲು ಊರಿನವರ ಕೈಲೇ ಬರೆಸೋಣ ಅಂದೆ.

ಮೈಕ್ ಹಿಡಿದು 'ನಿಮಗೇನು ಬೇಕು' ಅಂತ ಕೇಳಿದರೆ ಮುಂದೆ ಕೂತ ನಾಲ್ಕು ಜನ ಮಾತಾಡ್ತಾರೆ, ಅಷ್ಟೇ. ಅದಕ್ಕೇ ಶಾಲೆ ಬಯಲಿನಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಿದೆವು. ನಮ್ಮ ರಾಜ್ಯಕ್ಕೆ ಇದೇನೂ ಹೊಸದಲ್ಲ. ಹಳ್ಳಿಗಳ ಅಭಿವೃದ್ಧಿಗೆ ಕೆಲಸ ಮಾಡುವ ಮೈರಾಡ ಸಂಸ್ಥೆಯವರು 1990ರ ಆಸುಪಾಸಿನಲ್ಲೇ ಹಳ್ಳಿಗಳಲ್ಲಿ ಹೀಗೆ ನೆಲದ ಮೇಲೆ ನಕ್ಷೆ ಬರೆಸುತ್ತಿದ್ದರು. ನನಗೆ ಇದು ಇಷ್ಟವಾಗಲು ಒಂದು ಕಾರಣ ಇದೆ. ರಂಗೋಲಿ ಪುಡಿ ಹೆಂಗಸರ ಕೈಯಲ್ಲಿರುತ್ತದೆ. 'ಅಲ್ಲಿ ನಾಲೆ ಎಳಿ, ಇಲ್ಲಿ ತೊಂಬೆ ಹಾಕು' ಅಂತ ಗಂಡಸರು ಪಕ್ಕದಲ್ಲಿ ನಿಂತು ಹೇಳಬೇಕು.

ಆಮೇಲೆ ಗಂಡಸರಿಗೆ ಹುರುಳಿಕಾಳು, ಹೆಂಗಸರಿಗೆ ಅವರೆಕಾಳು, ಮಕ್ಕಳಿಗೆ ಹುಣಸೆಬೀಜ ಕೊಟ್ಟೆವು. ದಿನಾ ನೀವು ಹೊತ್ತು ಕಳೆಯುವ ಕಡೆ ಇಡಿ ಅಂದೆವು. ಅರಳಿಕಟ್ಟೆ ಮೇಲೆ ಬರೀ ಹುರುಳಿ. ಅದೂ ಊರೊಳಗಿನವರದು. ಕೇರಿಯವರ ಒಂದು ಕಾಳೂ ಅಲ್ಲಿರಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವರೆಕಾಳು ಮಾತ್ರ ಹಾಲಿನ ಡೈರಿ ಮುಂದೆ ರಾಶಿ ಬಿದ್ದಿತ್ತು.

ನೋಡಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಕ್ಯಾನ್ ಹಿಡಿದು ಫ್ಯಾಟ್ ನೋಡುವವರೆಗೂ ಅವರು ಅಲ್ಲಿ ನಿಲ್ಲಬೇಕು. ಮಗಳ ಮದುವೆ, ಸಂಘದ ಸಾಲ, ಕಬ್ಬಿನ ಬಾಕಿ, ಎಲ್ಲಾ ಮಾತೂ ಅಲ್ಲೇ. ನಮ್ಮೂರಲ್ಲಿ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ನಿಲ್ಲುವ ಜಾಗವೂ ಅದೇ. ಆದರೆ ಬಿಸಿಲು, ಮಳೆ ಬಂದರೆ ಕೆಸರು, ಒಂದು ಮರ ಇಲ್ಲ. ಕಟ್ಟೆ ಇಲ್ಲೇ ಆಗಲಿ ಅಂದೆ.

'ಡೈರಿ ಮುಂದೆ ಯಾವನಾದ್ರೂ ಕಟ್ಟೆ ಕಟ್ತಾನಾ?' ಅಂತ ಕೆಲವು ಹಿರಿಯರು ಸಿಟ್ಟಾದರು. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಯಬೇಕು. ಆ ಸಭೆಯನ್ನು ಡೈರಿ ಮುಂದೆಯೇ, ಸಂಜೆ ಹಾಲು ಹಾಕುವ ಹೊತ್ತಿಗೇ ಕರೆಯಿರಿ ಅಂತ ಮೆಂಬರ್‌ಗೆ ಹೇಳಿದೆ. ಅವರು ಒಪ್ಪಿದ್ದೇ ದೊಡ್ಡದು. ಹೆಂಗಸರು ಅಷ್ಟು ಜನ ಸೇರಿದ ವಾರ್ಡ್ ಸಭೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆ ಸಭೆಯಲ್ಲಿ ನಾನು, ಕೂರುವುದಕ್ಕೆ ಕಟ್ಟೆ ಅನ್ನುವ ಮಾತು ತೆಗೆದಾಗ ನಮ್ಮ ದೊಡ್ಡವ್ವ ತಡೆದರು. 'ಕೂರಕ್ಕೆ ಆಮ್ಯಾಕೆ ನೋಡಾನ ಕಣಮ್ಮಿ, ಮೊದ್ಲು ಕ್ಯಾನ್ ಇಡಕ್ಕೆ ಜಾಗ ಮಾಡು. ಬಗ್ಗಿ ಬಗ್ಗಿ ಸೊಂಟ ಬಿದ್ದೋಯ್ತದೆ.' ಮಾರನೇ ದಿನ ಅಲ್ಲೇ ಇಟ್ಟಿಗೆ ಜೋಡಿಸಿದೆವು. ತುಂಬಿದ ಕ್ಯಾನ್ ಇಟ್ಟು ನೋಡುವುದು, 'ಇನ್ನೊಂದು ವರಸೆ ತೆಗಿ' ಅನ್ನುವುದು, ಮತ್ತೆ ಇಟ್ಟು ನೋಡುವುದು. ಗಿಡ್ಡಗಿರುವವರು, ಬಸುರಿಯರು, ಮುದುಕಿಯರು ಎಲ್ಲರೂ ಇಟ್ಟು ನೋಡಿದರು. ಕೊನೆಗೆ ಎರಡು ಮಟ್ಟ ಬಂತು: ಕ್ಯಾನ್‌ಗೆ ಎತ್ತರದ್ದು, ಕೂರುವುದಕ್ಕೆ ತಗ್ಗಿನದು. ಅಳತೆ ಟೇಪ್ ಹಿಡಿದದ್ದು ಅದಾದ ಮೇಲೆಯೇ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳ್ತೀನಿ. ಕೆಲಸ ನರೇಗಾದಲ್ಲಿ ಆಯಿತು. ಅದರಲ್ಲಿ ನೂರು ರೂಪಾಯಿಗೆ ಕನಿಷ್ಠ 60 ಕೂಲಿಗೆ ಹೋಗಬೇಕಿತ್ತು, ಸಾಮಗ್ರಿಗೆ 40 ದಾಟುವ ಹಾಗಿರಲಿಲ್ಲ. ಹಾಗಾಗಿ ಟೈಲ್ಸ್ ಮಾತು ತಾನಾಗೇ ಬಿತ್ತು. ಸೈಜುಗಲ್ಲು, ಮಣ್ಣು, ಬಿದ್ದ ಮನೆಗಳ ಚಪ್ಪಡಿ ಸಾಕಾಯಿತು. ಕ್ಯಾನ್ ತೊಳೆದ ನೀರು ಎರಡು ಹೊಂಗೆ ಗಿಡಗಳ ಪಾತಿಗೆ ಹರಿಯುತ್ತದೆ. ಅರಳಿಕಟ್ಟೆಯಲ್ಲಿ ಮಾಡಿದ್ದು ಒಂದೇ ಕೆಲಸ, ಮರದ ಬುಡಕ್ಕೆ ಹಿಂದೆ ಸುರಿದಿದ್ದ ಸಿಮೆಂಟ್ ಒಡೆಸಿದ್ದು. ಬೇರಿಗೂ ಗಾಳಿ, ನೀರು ಬೇಕಲ್ವಾ?

ಕಟ್ಟೆ ಆದ ತಕ್ಷಣ ಎಲ್ಲಾ ಸರಿಹೋಯಿತು ಅಂತ ನಾನು ಹೇಳಲಾರೆ. ಅರಳಿಕಟ್ಟೆ ಮೇಲೆ ಕೇರಿಯವರು ಇವತ್ತೂ ಕೂರಲ್ಲ. ಅದು ನನ್ನನ್ನು ಬಹಳ ನೋಯಿಸುತ್ತದೆ. ಆ ರಂಗೋಲಿ ನಕ್ಷೆ ನೋಡಿದರೆ, ಶಾಲೆ ಬಯಲಿನಲ್ಲಿ ಸಂಜೆ ಮೇಲೆ ಹೆಣ್ಣುಮಕ್ಕಳ ಒಂದು ಹುಣಸೆಬೀಜವೂ ಇರಲಿಲ್ಲ. ಅಲ್ಲಿ ಬೀದಿದೀಪ ಇಲ್ಲ, ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ. ಮುಂದಿನ ವಾರ್ಡ್ ಸಭೆಗೆ ಈ ಎರಡರ ಅರ್ಜಿಯನ್ನು ಏಳನೇ ತರಗತಿ ಹುಡುಗಿಯರೇ ಬರೆದುಕೊಟ್ಟಿದ್ದಾರೆ, ಜೊತೆಗೆ ಬಯಲಿನ ನಕ್ಷೆಯನ್ನೂ ಬಿಡಿಸಿದ್ದಾರೆ.