ಶುಗರ್ ಇದೆ, ಎಲ್ಲ ಎರಡೆರಡು ಕಾಣ್ತಿದೆ. ಕನ್ನಡಕ ಬದಲಾಯಿಸಬೇಕಾ?

ಕಣ್ಣು ತಪಾಸಣೆ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. 'ನಿನ್ನೆವರೆಗೂ ಸರಿ ಇತ್ತು, ಬೆಳಿಗ್ಗೆಯಿಂದ ಎರಡೆರಡು. ನಂಬರ್ ಜಾಸ್ತಿ ಆಗಿರಬೇಕು, ಅಲ್ವಾ?'

ಮೊದಲು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ಮುಚ್ಚಿದರೂ ಒಂದೇ ಕಂಡರೆ ಅದು ನಂಬರಿನ ತೊಂದರೆ ಅಲ್ಲ. ಎರಡು ಕಣ್ಣೂ ಒಂದೇ ಕಡೆ ನೋಡುತ್ತಿಲ್ಲ, ಅಷ್ಟೇ. ಹೊಸ ಕನ್ನಡಕಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಪ್ರತಿ ಕಣ್ಣನ್ನೂ ತಿರುಗಿಸಲು 6 ಸ್ನಾಯು, ಅವಕ್ಕೆ 3 ನರ: ಮೆದುಳಿನಿಂದ ಹೊರಡುವ ನರಗಳ ಸಾಲಿನಲ್ಲಿ 3, 4 ಮತ್ತು 6ನೆಯವು. ಬಹಳ ಕಾಲದ ಶುಗರ್, ಜೊತೆಗೆ ಬಿಪಿ ಇದ್ದರೆ ಆ ನರಕ್ಕೇ ರಕ್ತ ಕೊಡುವ ಸಣ್ಣ ನಾಳ ಕಟ್ಟಿಕೊಳ್ಳಬಹುದು. 6ನೇ ನರ ಸೋತರೆ ಕಣ್ಣು ಹೊರಗಡೆಗೆ ಹೊರಳುವುದಿಲ್ಲ. ಕೈಯಲ್ಲಿರುವ ಪೇಪರ್ ಓದಬಹುದು, ದೂರದ ಬಸ್ ಮಾತ್ರ ಅಕ್ಕಪಕ್ಕ ಎರಡು! 3ನೇ ನರವಾದರೆ ರೆಪ್ಪೆಯೇ ಇಳಿಬೀಳುತ್ತದೆ. ಮನೆಯವರು 'ಲಕ್ವ ಹೊಡೀತು' ಅಂತ ಗಾಬರಿಯಾಗುತ್ತಾರೆ.

ರೆಪ್ಪೆ ಬಿದ್ದವರು ಬಂದರೆ ನಾನು ಅದನ್ನು ಎತ್ತಿ, ಟಾರ್ಚ್ ಬಿಟ್ಟು, ಪಾಪೆ ನೋಡುತ್ತೇನೆ. ಪಾಪೆ ಕಿರಿದು ಮಾಡುವ ಎಳೆಗಳು 3ನೇ ನರದ ಹೊರಮೈಯಲ್ಲಿವೆ. ಶುಗರ್ ಕೆಡಿಸುವುದು ಹೆಚ್ಚಾಗಿ ಒಳಭಾಗವನ್ನು. ಹಾಗಾಗಿ ಪಾಪೆ ಸಾಮಾನ್ಯವಾಗಿ ಬೆಳಕಿಗೆ ಸರಿಯಾಗಿ ಕಿರಿದಾಗುತ್ತದೆ. ಪಾಪೆ ಅಗಲವಾಗಿ ಹಾಗೇ ನಿಂತಿದ್ದರೆ ಮೆದುಳಿನ ರಕ್ತನಾಳ ಉಬ್ಬಿ ನರವನ್ನು ಹೊರಗಿನಿಂದ ಒತ್ತುತ್ತಿರಬಹುದು. ಅದು ಒಡೆದರೆ ಜೀವಕ್ಕೇ ಅಪಾಯ. ಆಗ ರಾತ್ರಿ 12 ಗಂಟೆಯಾದರೂ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಮಾತು ತೊದಲಿದರೆ, ಕೈಕಾಲು ಸೋತರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ ಕೂಡ ಅಷ್ಟೇ. 2021ರಲ್ಲಿ ಕೋವಿಡ್ ಬೆನ್ನಿಗೇ ಕಾಡಿದ ಕಪ್ಪು ಶಿಲೀಂಧ್ರವೂ ಶುಗರ್ ಇದ್ದವರ ಕಣ್ಣನ್ನು ಹೀಗೇ ನಿಲ್ಲಿಸುತ್ತಿತ್ತು. ಮುಖ ಊದಿಕೊಂಡಿದ್ದರೆ ಅದನ್ನೂ ನೋಡಬೇಕು. ಪಾಪೆ ಸರಿಯಿದೆ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ಬರೀ ಶುಗರ್‌ನಿಂದ ಆಗಿದ್ದರೆ ಹೆಚ್ಚಿನವರಿಗೆ ಸುಮಾರು 3 ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ನರವನ್ನು ಬೇಗ ರಿಪೇರಿ ಮಾಡುವ ಮಾತ್ರೆ, ಡ್ರಾಪ್ಸ್ ಇಲ್ಲ. ಶುಗರ್, ಬಿಪಿ ಹತೋಟಿಗೆ ತರಬೇಕು. ಹೇಳಿದ ಸಮಯಕ್ಕೆ ಸರಿಹೋಗದಿದ್ದರೆ ಮತ್ತೆ ತೋರಿಸಬೇಕು. ಅಲ್ಲಿಯವರೆಗೆ ಕನ್ನಡಕದ ಒಂದು ಗಾಜಿಗೆ ಬಿಳಿ ಟೇಪ್ ಅಂಟಿಸಿಕೊಂಡರೂ ಓಡಾಡಬಹುದು. ಆದರೆ ಒಂದೇ ಕಣ್ಣಲ್ಲಿ ದೂರದ ಅಂದಾಜು ತಪ್ಪುತ್ತದೆ, ಹಾಗಾಗಿ ಸ್ಕೂಟರ್ ಕೀ ಮನೆಯವರ ಹತ್ತಿರವೇ ಇರಲಿ.